ಡಬಲ್ ಫ್ರಂಟ್ ಮರಳಿನ ಮೇಲೆ ಕಲಿಯಬಹುದಾ?

ಪ್ರಶ್ನೆ: ನನಗೆ 19 ವರ್ಷ. ಊರು ಬಾಗಲಕೋಟೆ ಕಡೆ. ಸಣ್ಣವನಿದ್ದಾಗ ಮಲ್ಲಕಂಬ ಮಾಡುತ್ತಿದ್ದೆ. ಕಾಲೇಜಿಗೆ ಬಂದ ಮೇಲೆ ಜಿಮ್ನಾಸ್ಟಿಕ್ಸ್ ಹಿಡಿದೆ. ಫ್ರಂಟ್ ಹ್ಯಾಂಡ್‌ಸ್ಪ್ರಿಂಗ್ (ಕೈ ಊರಿ ಮುಂದಕ್ಕೆ ಮಗುಚಿ ಕಾಲ ಮೇಲೆ ಬರುವುದು) ಬರುತ್ತದೆ, ಅದರ ಬೆನ್ನಿಗೇ ಫ್ರಂಟ್ ಟಕ್ (ಮಂಡಿ ಮಡಚಿ ಮುಂದಕ್ಕೆ ಒಂದು ಲಾಗ) ಹಾಕಿ ನಿಲ್ಲುತ್ತೇನೆ. ಹತ್ತರಲ್ಲಿ ಏಳೆಂಟು ಸಲ ಸರಿಯಾಗುತ್ತದೆ, ಉಳಿದಾಗ ಹಿಂದಕ್ಕೆ ಕೂತುಬಿಡುತ್ತೇನೆ. ಈಗ ಡಬಲ್ ಫ್ರಂಟ್, ಅಂದರೆ ಒಂದೇ ಜಿಗಿತದಲ್ಲಿ ಮುಂದಕ್ಕೆ ಎರಡು ಲಾಗ, ಕಲಿಯಬೇಕು ಅಂತ ಆಸೆ. ಮೂರು ತಿಂಗಳಲ್ಲಿ ಅಂತರ ಕಾಲೇಜು ಸ್ಪರ್ಧೆ ಇದೆ. ನಮ್ಮಲ್ಲಿ ಫೋಮ್ ಪಿಟ್, ಅಂದರೆ ಸ್ಪಂಜಿನ ತುಂಡು ತುಂಬಿದ ಗುಂಡಿ, ಇಲ್ಲ. ಒಂದು ಮಿನಿ ಟ್ರ್ಯಾಂಪೊಲಿನ್, ಒಂದು ದಪ್ಪ ಮ್ಯಾಟ್, ಕೆಲವು ಸಾದಾ ಮ್ಯಾಟ್, ಲಾಂಗ್ ಜಂಪಿನ ಮರಳು ಗುಂಡಿ ಇವೆ. ಗೆಳೆಯರು "ಮರಳಿನ ಮೇಲೆ ಏನೂ ಆಗಲ್ಲ, ಗದ್ದ ಎದೆಗೆ ಒತ್ತಿ ಜೋರಾಗಿ ಸುತ್ತು, ಭಯ ಬಿಟ್ಟರೆ ತಾನಾಗೇ ಬರುತ್ತೆ" ಅನ್ನುತ್ತಾರೆ. ಮೊದಲು ಒಂದೂ ಮುಕ್ಕಾಲು ಸುತ್ತಿ ಉರುಳಿ ಎದ್ದರೆ ಸಾಕು, ಆಮೇಲೆ ಎರಡು ಸುಲಭ ಅಂತ ಇನ್ನೊಬ್ಬರು. ಕೋಚ್ ಸರ್ ಇನ್ನೂ ಒಂದು ವರ್ಷ ಬೇಡ ಅಂದಿದ್ದಾರೆ. ಅವರಿಲ್ಲದಾಗ ಮರಳಿನಲ್ಲಿ ಪ್ರಯತ್ನ ಮಾಡಿದೆ. ಒಂದು ಸಲ ಕತ್ತು, ಭುಜದ ಮೇಲೆ ಬಿದ್ದೆ. ಎರಡು ದಿನ ಕತ್ತು ಹಿಡಿದಿತ್ತು, ಎರಡೂ ಕೈಯ ಬೆರಳು ಜುಮ್ ಅನ್ನುತ್ತಿದ್ದವು. ಈಗ ಸರಿ ಹೋಗಿದೆ. ಮನೆಯಲ್ಲಿ ಹೇಳಿಲ್ಲ. ಮುಂದುವರಿಸಬಹುದಾ? ಒಲಿಂಪಿಕ್ಸ್‌ಗೆ ಹೋದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ಕೂಡ ಸೌಲಭ್ಯ ಇಲ್ಲದೆಯೇ ಕಲಿತರು ಅಲ್ವಾ?

ಉತ್ತರ: ಮೊದಲು ಆ ಜುಮ್ ಅಂದ ಬೆರಳುಗಳ ವಿಷಯ ಮಾತಾಡೋಣ. ಉಳಿದದ್ದೆಲ್ಲ ಆಮೇಲೆ.

ಕತ್ತು ಉಳುಕಿದರೆ ಕತ್ತು ನೋಯುತ್ತದೆ. ಬರೀ ಉಳುಕಿಗೆ ಸಾಮಾನ್ಯವಾಗಿ ಕೈಬೆರಳು ಜುಮ್ ಅನ್ನುವುದಿಲ್ಲ. ಬೆರಳಿಗೆ ಹೋಗುವ ನರಗಳು ಕತ್ತಿನ ಮೂಳೆಗಳ ನಡುವಿನಿಂದ ಹೊರಡುತ್ತವೆ. ಬಿದ್ದ ಮೇಲೆ ಎರಡೂ ಕೈಗೆ ಜುಮ್ ಬಂತು ಅಂದರೆ ಕತ್ತು ಮಡಚಿದ ಹೊತ್ತಿಗೆ ನರಕ್ಕೋ ಬೆನ್ನುಹುರಿಗೋ ಪೆಟ್ಟು ತಾಗಿರಬಹುದು. ಈಗ ಹೋಗಿದೆ ಅನ್ನುವುದು ಒಳ್ಳೆಯ ಸುದ್ದಿಯೇ. ಆದರೆ ಒಳಗೆ ಏನಾಗಿದೆ ಅಂತ ಅದು ಹೇಳುವುದಿಲ್ಲ. ಸಣ್ಣ ಬಿರುಕು ಇದ್ದೂ, ಡಿಸ್ಕ್ ಸ್ವಲ್ಪ ಸರಿದಿದ್ದೂ ಮನುಷ್ಯ ಓಡಾಡಿಕೊಂಡಿರಬಹುದು. ಅದೇ ಕತ್ತು ಇನ್ನೊಂದು ಸಲ ಅದೇ ರೀತಿ ಮಡಚಿದರೆ ಕಥೆ ಬೇರೆ.

ನಾನು ಕೋಚ್, ಡಾಕ್ಟರಲ್ಲ. ಆದರೆ ನನ್ನ ಹಾಲ್‌ನಲ್ಲಿ ಇಂಥದ್ದಾದರೆ ಆ ಹುಡುಗನನ್ನು ಡಾಕ್ಟರ್ ನೋಡುವ ತನಕ ಮುಂದಕ್ಕೆ ಲಾಗ ಹಾಕಲು ಬಿಡುವುದಿಲ್ಲ. ನೀವು ಈ ವಾರವೇ ಮೂಳೆ ತಜ್ಞರ ಹತ್ತಿರ ಹೋಗಿ. "ಕತ್ತು ನೋವಿತ್ತು" ಅಂತ ಮಾತ್ರ ಹೇಳಬೇಡಿ. "ಲಾಗ ಹಾಕುವಾಗ ಕತ್ತಿನ ಮೇಲೆ ಬಿದ್ದೆ, ಎರಡೂ ಕೈ ಬೆರಳು ಎರಡು ದಿನ ಜುಮ್ ಅಂದವು" ಅಂತ ಪೂರ್ತಿ ಹೇಳಿ. ಎಕ್ಸ್‌ರೇ ಸಾಕೋ, ಎಂಆರ್‌ಐ ಬೇಕೋ ಅವರು ನಿರ್ಧರಿಸಲಿ. ಅಷ್ಟರಲ್ಲಿ ಕೈ ಹಿಡಿತ ಸಡಿಲವಾದರೆ, ನಡೆಯುವಾಗ ಕಾಲು ತಡವರಿಸಿದರೆ, ಮೂತ್ರದ ಹಿಡಿತ ತಪ್ಪಿದರೆ ವಾರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಮನೆಯಲ್ಲೂ ಹೇಳಿ. ಬೈಗುಳ ಬೀಳುತ್ತದೆ, ಬೀಳಲಿ. ರಾತ್ರಿ ಏನಾದರೂ ಆದರೆ ಆಸ್ಪತ್ರೆಗೆ ಕರೆದೊಯ್ಯುವವರು ಅವರೇ, ಏನಾಗಿದೆ ಅಂತ ಅವರಿಗೆ ಗೊತ್ತಿರಬೇಕು.

ಡಾಕ್ಟರ್ ಸರಿ ಅಂದ ಮೇಲೆ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ನಿಮ್ಮ ಆಸೆಯಲ್ಲಿ ತಪ್ಪಿಲ್ಲ. ಹ್ಯಾಂಡ್‌ಸ್ಪ್ರಿಂಗ್ ಮಾಡಿ ಫ್ರಂಟ್ ಟಕ್ ನಿಲ್ಲಿಸುವ ಹುಡುಗ ಡಬಲ್ ಬಗ್ಗೆ ಕನಸು ಕಾಣದೆ ಇನ್ಯಾರು ಕಾಣಬೇಕು? ಆದರೆ ಒಂದು ಲಾಗಕ್ಕೆ ಇನ್ನೊಂದು ಸೇರಿಸಿದರೆ ಡಬಲ್ ಆಗುತ್ತದೆ ಅಂತ ನೀವು ಅಂದುಕೊಂಡಿದ್ದೀರಿ. ಅಪಾಯ ಅಲ್ಲೇ ಇದೆ.

ಒಂದು ಲೆಕ್ಕ ನೋಡಿ. ನಿಮ್ಮ ಸುತ್ತು ಬೇಕಾದ್ದಕ್ಕಿಂತ ಶೇಕಡಾ 20ರಷ್ಟು ಕಡಿಮೆ ಬಿತ್ತು ಅಂತಿಟ್ಟುಕೊಳ್ಳಿ. ಒಂದೇ ಲಾಗದಲ್ಲಿ ಅದು 72 ಡಿಗ್ರಿ ಕೊರತೆ. ಅಂದರೆ ಪಾದ ಊರುವ ಬದಲು ಕುಂಡಿ ಮೇಲೆ ಕೂರುತ್ತೀರಿ, ಹೆಚ್ಚೆಂದರೆ ಬೆನ್ನು ತಾಗುತ್ತದೆ. ಹತ್ತರಲ್ಲಿ ಎರಡು ಮೂರು ಸಲ ನಿಮಗೆ ಆಗುತ್ತಿರುವುದು ಇದೇ. ಎರಡು ಲಾಗದಲ್ಲಿ ಅದೇ ಶೇಕಡಾ 20 ಅಂದರೆ 144 ಡಿಗ್ರಿ. ಆಗ ನೆಲಕ್ಕೆ ಮೊದಲು ತಾಗುವುದು ಕತ್ತು, ತಲೆ. ತಪ್ಪು ಅಷ್ಟೇ ಇದ್ದರೂ ಬೀಳುವ ಭಾಗ ಬದಲಾಗುತ್ತದೆ. ಮರಳಿನಲ್ಲಿ ನಿಮಗೆ ಆದದ್ದು ದುರದೃಷ್ಟ ಅಲ್ಲ. ಟಕ್‌ನಲ್ಲಿ ಮೊದಲೇ ಇದ್ದ ಕೊರತೆ ಡಬಲ್‌ನಲ್ಲಿ ಕತ್ತಿಗೆ ಬಂತು.

ಹಾಗಾದರೆ ಕೊರತೆ ಎಲ್ಲಿಂದ ಬರುತ್ತದೆ? ಕಾಲು ನೆಲ ಬಿಟ್ಟ ಕ್ಷಣಕ್ಕೆ ಎಲ್ಲ ತೀರ್ಮಾನ ಆಗಿಹೋಗಿರುತ್ತದೆ. ಎಷ್ಟು ಮೇಲೆ ಹೋಗುತ್ತೀರಿ, ಎಷ್ಟು ಸುತ್ತಿನ ಬಲ ಇಟ್ಟುಕೊಂಡು ಹೊರಟಿರಿ ಅನ್ನುವುದನ್ನು ಗಾಳಿಯಲ್ಲಿ ಬದಲಾಯಿಸಲು ಆಗುವುದಿಲ್ಲ. ಮೈ ಗಟ್ಟಿಯಾಗಿ ಮಡಚಿದರೆ ವೇಗವಾಗಿ ಸುತ್ತುತ್ತೀರಿ, ಬಿಚ್ಚಿದರೆ ನಿಧಾನ. ಅಷ್ಟೇ ನಿಮ್ಮ ಕೈಯಲ್ಲಿರುವುದು. ಗಾಳಿಯಲ್ಲಿ ಸಿಗುವ ಹೊತ್ತು ಎತ್ತರದಿಂದ ಬರುತ್ತದೆ. ಸೊಂಟ ಅರ್ಧ ಮೀಟರ್ ಮೇಲೇರಿ ಅದೇ ಮಟ್ಟಕ್ಕೆ ವಾಪಸ್ ಬರಲು ಸುಮಾರು 0.64 ಸೆಕೆಂಡ್ ಬೇಕು. ಒಂದು ಮೀಟರ್ ಏರಿದರೆ ಸುಮಾರು 0.9 ಸೆಕೆಂಡ್. ಎತ್ತರ ಎರಡು ಪಟ್ಟಾದರೂ ಹೊತ್ತು ಒಂದೂವರೆ ಪಟ್ಟು ಕೂಡ ಆಗಲಿಲ್ಲ ನೋಡಿ. ಅದಕ್ಕೇ ಡಬಲ್‌ಗೆ ಬರೀ "ಇನ್ನೂ ಸ್ವಲ್ಪ ಜೋರು" ಸಾಲುವುದಿಲ್ಲ. ಎತ್ತರವೂ ಬೇಕು, ಜೊತೆಗೆ ಸುತ್ತಿನ ವೇಗವೂ ಬೇಕು. ಇವೆರಡೂ, ಕಾಲು ನೆಲಕ್ಕೆ ತಾಗಿರುವ ಆ ಸೆಕೆಂಡಿನ ಹತ್ತರಲ್ಲಿ ಒಂದು ಭಾಗದ ಆಸುಪಾಸಿನಲ್ಲೇ ಹುಟ್ಟಬೇಕು.

ಆ ಗಳಿಗೆಯನ್ನು ನಾವು ಪಂಚ್ ಅನ್ನುತ್ತೇವೆ. ಹ್ಯಾಂಡ್‌ಸ್ಪ್ರಿಂಗ್‌ನಿಂದ ಪಾದಗಳು ಇಳಿಯುವಾಗ ಮೈಯಿಗಿಂತ ಸ್ವಲ್ಪ ಮುಂದೆ ಬರಬೇಕು. ಮಂಡಿ ಹೆಚ್ಚು ಕಡಿಮೆ ನೆಟ್ಟಗಿರಬೇಕು, ಕೈ ಕಿವಿಯ ಪಕ್ಕ, ಎದೆ ಮೇಲಕ್ಕೆ, ಕಣ್ಣು ಎದುರಿಗೆ. ಹಾಗಿದ್ದರೆ ಓಟದ ವೇಗ ಮೇಲಕ್ಕೆ ತಿರುಗುತ್ತದೆ. ಬಹಳ ಹುಡುಗರು ಇಲ್ಲಿ ಅವಸರ ಮಾಡುತ್ತಾರೆ. ಕಾಲು ಊರುವ ಮೊದಲೇ ಎದೆ ಕೆಳಗೆ, ಗದ್ದ ಒಳಗೆ, ಕೈ ಕೆಳಗೆ. ಮೈ ಆಗಲೇ ಮುಂದಕ್ಕೆ ಬಾಗಿರುವುದರಿಂದ ವೇಗ ಮುಂದಕ್ಕೇ ಹೋಗುತ್ತದೆ, ಮೇಲಕ್ಕೆ ಹೋಗುವುದಿಲ್ಲ. ಸುತ್ತು ಜೋರಾಗಿ ಬರುತ್ತದೆ, ಎತ್ತರ ಇರುವುದಿಲ್ಲ. ಒಳಗಿದ್ದವರಿಗೆ ಇದು ಬಹಳ ಚೆನ್ನಾಗಿ ಸುತ್ತಿದ ಹಾಗೆ ಅನ್ನಿಸುತ್ತದೆ. ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿಸಿ ನೋಡಿ, ಸೊಂಟ ಎದೆಯ ಎತ್ತರವನ್ನೂ ಮುಟ್ಟಿರುವುದಿಲ್ಲ. "ಗದ್ದ ಎದೆಗೆ ಒತ್ತು" ಅನ್ನುವ ಗೆಳೆಯರ ಸಲಹೆ ಇದನ್ನೇ ಜಾಸ್ತಿ ಮಾಡುತ್ತದೆ. ಗದ್ದ ಒಳಗೆ ಬರಬೇಕು, ನಿಜ. ಅದು ಕಾಲು ನೆಲ ಬಿಟ್ಟ ಮೇಲೆ.

ಮುಂದಕ್ಕೆ ಹಾಕುವ ಲಾಗಕ್ಕೆ ಇನ್ನೊಂದು ಕಷ್ಟ ಇದೆ. ಹಿಂದಕ್ಕೆ ಲಾಗ ಹಾಕುವವರಿಗೆ ಕೊನೆಯ ಹೊತ್ತಿಗೆ ನೆಲ ಕಣ್ಣಿಗೆ ಬೀಳುತ್ತದೆ. ಕಾಲು ಯಾವಾಗ ಚಾಚಬೇಕು ಅಂತ ನೋಡಿ ತಿಳಿಯಬಹುದು. ಮುಂದಕ್ಕೆ ಹಾಕುವವರಿಗೆ ಕೊನೆಯ ಹೊತ್ತಿಗೆ ಕಾಣುವುದು ಆಕಾಶ, ಛಾವಣಿ, ತಮ್ಮದೇ ಮಂಡಿ. ಪಾದ ಊರುವುದಕ್ಕೂ ನೆಲ ಕಾಣುವುದಕ್ಕೂ ಹೆಚ್ಚು ಅಂತರವೇ ಇರುವುದಿಲ್ಲ. ಎರಡನೇ ಸುತ್ತು ಎಲ್ಲಿಗೆ ಬಂದಿದೆ ಅನ್ನುವುದನ್ನು ಮೈಯೇ ಲೆಕ್ಕ ಇಟ್ಟುಕೊಳ್ಳಬೇಕು. ಆ ಲೆಕ್ಕ ಸಾವಿರ ಸಲ ತಪ್ಪಿದ ಮೇಲೆ ಕೂಡಿ ಬರುವಂಥದ್ದು. ಹಾಗಾಗಿ ನಾನು ಮೊದಲು ಕೇಳುವುದು "ನಿನಗೆ ಧೈರ್ಯ ಇದೆಯಾ" ಅಂತ ಅಲ್ಲ. "ಸಾವಿರ ಸಲ ತಪ್ಪಿದರೂ ಪೆಟ್ಟಾಗದ ಜಾಗ ನಿನಗೆ ಇದೆಯಾ" ಅಂತ ಕೇಳುತ್ತೇನೆ.

ಮರಳು ಅಂಥ ಜಾಗ ಅಲ್ಲ. ಹಗುರ ಮರಳಿನ ಮೇಲೆ ಕೈಯಾಡಿಸಿದರೆ ಮೆತ್ತಗಿರುತ್ತದೆ, ಸರಿ. ಅದೇ ಮರಳು ಒದ್ದೆಯಾದರೆ, ಹತ್ತು ಜನ ತುಳಿದರೆ ಗಟ್ಟಿ ನೆಲವೇ. ತಲೆ ಕೆಳಗಾಗಿ ಬಿದ್ದಾಗ ಮರಳು ಇನ್ನೊಂದು ಕೆಲಸ ಮಾಡುತ್ತದೆ. ತಲೆಯನ್ನು ಹಿಡಿದು ನಿಲ್ಲಿಸುತ್ತದೆ, ಮೈ ಮಾತ್ರ ಹಿಂದಿನಿಂದ ಬಂದು ಕತ್ತಿನ ಮೇಲೆ ಹೇರಿಕೊಳ್ಳುತ್ತದೆ. ನಯವಾದ ಮ್ಯಾಟ್ ಆಗಿದ್ದರೆ ತಲೆ ಜಾರಿಕೊಂಡು ಉರುಳುವ ಅವಕಾಶವಾದರೂ ಇರುತ್ತಿತ್ತು. ಜೊತೆಗೆ ಮರಳಿನ ಮೇಲಿಂದಲೇ ಜಿಗಿದರೆ ಪಂಚ್ ಸತ್ತೇ ಹೋಗುತ್ತದೆ. ಪಾದ ಹೂತುಕೊಳ್ಳುತ್ತದೆ, ಮಂಡಿ ಬಾಗುತ್ತದೆ, ಎತ್ತರ ಕಡಿಮೆಯಾಗುತ್ತದೆ. ಕಡಿಮೆಯಾದ ಎತ್ತರವನ್ನು ತುಂಬಲು ಹುಡುಗ ಇನ್ನೂ ಬೇಗ ಬಾಗುತ್ತಾನೆ. ಒಂದು ಋತು ಮರಳಿನಲ್ಲಿ ಕಲಿತವರ ಎದೆ ಎತ್ತಿಸಲು ಆಮೇಲೆ ನನಗೆ ಬಹಳ ಕಾಲ ಹಿಡಿದದ್ದುಂಟು. ಬೇಸಿಗೆಯಲ್ಲಿ ಹೊಳೆಗೆ, ಬಾವಿಗೆ ಲಾಗ ಹಾಕಿ ಕಲಿಯೋಣ ಅನ್ನುವವರೂ ಇದ್ದಾರೆ. ಆಳ ಗೊತ್ತಿಲ್ಲದ ನೀರಿಗೆ ತಲೆ ಮುಂದಾಗಿ ಬೀಳುವುದು ಕತ್ತು ಮುರಿಯುವ ಹಳೆಯ ದಾರಿ. ಅದನ್ನು ಚರ್ಚೆಗೇ ತರಬೇಡಿ.

ಮಿನಿ ಟ್ರ್ಯಾಂಪೊಲಿನ್ ವಿಷಯ ಸ್ವಲ್ಪ ಬೇರೆ. ಅದು ಎತ್ತರ ಕೊಡುತ್ತದೆ, ಅಂದರೆ ಹೊತ್ತು ಕೊಡುತ್ತದೆ. ಡಬಲ್ ಕಲಿಯುವವರು ಹೆಚ್ಚಿನವರು ಒಂದು ಹಂತದಲ್ಲಿ ಅದರ ಮೇಲಿಂದಲೇ ಹಾದು ಹೋಗುತ್ತಾರೆ. ಆದರೆ ಇಳಿಯುವ ಕಡೆ ಪಿಟ್ ಇರುತ್ತದೆ. ನಿಮ್ಮಲ್ಲಿ ಇಳಿಯಲು ಇರುವುದು ಒಂದೇ ದಪ್ಪ ಮ್ಯಾಟ್. ಟ್ರ್ಯಾಂಪೊಲಿನ್ ಎಷ್ಟು ದೂರ ಎಸೆಯುತ್ತದೆ ಅನ್ನುವುದು ಪಾದ ಎಲ್ಲಿ ಬಿತ್ತು ಅನ್ನುವುದರ ಮೇಲೆ ಬದಲಾಗುತ್ತಿರುತ್ತದೆ. ಒಂದು ಸಲ ಮ್ಯಾಟಿನ ನಡುವೆ ಬೀಳುತ್ತೀರಿ, ಇನ್ನೊಂದು ಸಲ ಅಂಚಿಗೆ, ಮತ್ತೊಂದು ಸಲ ಹೊರಗೆ. ನೆಲದಿಂದ ಬೀಳುವುದಕ್ಕಿಂತ ಇನ್ನೂ ಎತ್ತರದಿಂದ. ಹಾಗಾಗಿ ಪಿಟ್ ಇಲ್ಲದೆ ಮಿನಿ ಟ್ರ್ಯಾಂಪೊಲಿನ್ ಮೇಲಿಂದ ಡಬಲ್ ಬೇಡ. ಒಂಟಿ ಲಾಗಕ್ಕೂ ಕೋಚ್ ಪಕ್ಕದಲ್ಲಿ ನಿಂತಿರಬೇಕು.

"ನಾವು ಇಬ್ಬರು ಆ ಕಡೆ ಈ ಕಡೆ ನಿಂತು ಹಿಡಿಯುತ್ತೇವೆ" ಅಂತ ಗೆಳೆಯರು ಮುಂದೆ ಹೇಳಬಹುದು, ಅದಕ್ಕೂ ಈಗಲೇ ಉತ್ತರಿಸುತ್ತೇನೆ. ಒಂಟಿ ಟಕ್‌ಗೆ ಅನುಭವ ಇದ್ದವರು ಕೈ ಕೊಟ್ಟರೆ ಉಪಯೋಗ ಇದೆ. ಹೊಟ್ಟೆಗೊಂದು ಕೈ, ಬೆನ್ನಿಗೊಂದು ಕೈ, ಎತ್ತಿ ತಿರುಗಿಸಬಹುದು. ಡಬಲ್‌ನಲ್ಲಿ ಮೈ ಕೈಗೆ ಸಿಗುವ ಎತ್ತರದಲ್ಲಿ ಇರುವುದೇ ಸ್ವಲ್ಪ ಹೊತ್ತು, ಅದೂ ಉಂಡೆಯಾಗಿ ಗಿರ್ರನೆ ತಿರುಗುತ್ತಾ. ಹಿಡಿಯಲು ಹೋದವರ ಮುಖಕ್ಕೆ ಹಿಮ್ಮಡಿ ಬಡಿಯುತ್ತದೆ. ತಪ್ಪು ಹೊತ್ತಿಗೆ ಹಿಡಿದರೆ ಸುತ್ತು ನಿಂತು ಹುಡುಗ ತಲೆ ಮೇಲೇ ಇಳಿಯುತ್ತಾನೆ. ಛಾವಣಿಯಿಂದ ಹಗ್ಗ, ರಾಟೆ ಕಟ್ಟಿದ ಬೆಲ್ಟ್ ಇದ್ದು, ಅದನ್ನು ಎಳೆಯಲು ಬಲ್ಲ ಕೋಚ್ ಇದ್ದರೆ ಮಾತು ಬೇರೆ.

ಇನ್ನು ಒಂದೂ ಮುಕ್ಕಾಲು ಸುತ್ತಿ ಉರುಳುವ ಸಲಹೆ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸುವಂಥದ್ದು. 1978ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಸೋವಿಯತ್ ಒಕ್ಕೂಟದ ಜಿಮ್ನಾಸ್ಟ್ ಎಲೆನಾ ಮುಖಿನಾ, 1980ರ ಮಾಸ್ಕೋ ಒಲಿಂಪಿಕ್ಸ್‌ಗೆ ಇನ್ನು ಕೆಲವೇ ದಿನ ಇರುವಾಗ ಮಿನ್ಸ್ಕ್ ನಗರದಲ್ಲಿ ಅಭ್ಯಾಸ ಮಾಡುತ್ತಿದ್ದರು. ಥಾಮಸ್ ಸಾಲ್ಟೊ ಅನ್ನುವ ಲಾಗ. ಅದು ಹೊರಡುವುದು ಹಿಂದಕ್ಕೆ, ಗಾಳಿಯಲ್ಲಿ ಮೈ ತಿರುಚಿ ಕೊನೆಗೆ ಮುಂದಕ್ಕೆ ಉರುಳಿ ಏಳಬೇಕು. ಹಿಂದಿನ ವರ್ಷ ಅವರ ಕಾಲು ಮುರಿದಿತ್ತು, ಪೂರ್ತಿ ಬಲ ಬಂದಿರಲಿಲ್ಲ. ಎತ್ತರ ಸಾಲಲಿಲ್ಲ. ಗದ್ದದ ಮೇಲೆ ಬಿದ್ದು ಕತ್ತಿನ ಮೂಳೆ ಮುರಿಯಿತು. 20 ವರ್ಷಕ್ಕೆ ಕೈಕಾಲು ಸ್ವಾಧೀನ ಹೋಯಿತು. 2006ರಲ್ಲಿ ತೀರಿಕೊಂಡರು. ಈ ರೀತಿ ಗಾಳಿಯಿಂದ ನೇರವಾಗಿ ಉರುಳುವಿಕೆಗೆ ಇಳಿಯುವ ಲಾಗಗಳನ್ನು ಮೊದಲು ಮಹಿಳೆಯರ ಸ್ಪರ್ಧೆಯಿಂದ, ಆಮೇಲೆ ಪುರುಷರ ಸ್ಪರ್ಧೆಯಿಂದಲೂ ತೆಗೆದುಹಾಕಿದರು. ಕಾರಣ ಸರಳ. ಪಾದ ಊರುವ ಲಾಗದಲ್ಲಿ ಸ್ವಲ್ಪ ತಪ್ಪಿದರೆ ಸರಿಮಾಡಿಕೊಳ್ಳಲು ಕಾಲು ಇದೆ. ಉರುಳುವ ಲಾಗದಲ್ಲಿ ಸ್ವಲ್ಪ ತಪ್ಪಿದರೆ ಅಲ್ಲಿರುವುದು ಕತ್ತು ಮಾತ್ರ.

ಪಿಟ್‌ನ ಮೇಲೆ ದಪ್ಪ ಮೆತ್ತನೆ ಮ್ಯಾಟ್ ಹಾಸಿ, ಒಂದೂ ಮುಕ್ಕಾಲು ಸುತ್ತಿ ಬೆನ್ನು ಅಗಲವಾಗಿ ಊರಿ ಮಲಗಿದ ಹಾಗೆ ಬೀಳುವ ಒಂದು ಅಭ್ಯಾಸ ಇದೆ. ಡಬಲ್‌ಗೆ ಮುಂಚೆ ಮಾಡಿಸುತ್ತೇವೆ. ನಿಮ್ಮ ಗೆಳೆಯರು ಎಲ್ಲೋ ಅದನ್ನು ನೋಡಿರಬೇಕು. ಅದು ಮೆತ್ತನೆ ಜಾಗದಲ್ಲಿ, ಬೆನ್ನಿನ ಮೇಲೆ, ಕೋಚ್ ಎದುರಿಗೆ. ಮರಳಿನಲ್ಲಿ ಉರುಳಿ ಏಳುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಭಯದ ವಿಷಯ. ಭಯ ಬಿಟ್ಟರೆ ಬರುತ್ತದೆ ಅನ್ನುವುದು ನಾನು ಬಹಳ ಕೇಳಿದ ಮಾತು. ಕೆಲವು ಸಲ ಸ್ವಲ್ಪ ನಿಜವೂ ಇರುತ್ತದೆ. ಟಕ್ ಚೆನ್ನಾಗಿ ಬರುವ ಹುಡುಗಿ ಓಡಿ ಬಂದು ಸುಮ್ನೆ ನಿಂತುಬಿಡುತ್ತಾಳೆ, ಅಲ್ಲಿ ಧೈರ್ಯ ತುಂಬಬೇಕು. ಆದರೆ ಮೈಗೆ ಗಾಳಿಯಲ್ಲಿ ತಾನೆಲ್ಲಿದ್ದೇನೆ ಅಂತ ಗೊತ್ತಿಲ್ಲದಾಗ ಹುಟ್ಟುವ ಭಯ ಬೇರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಜುಲೈನಲ್ಲಿ, ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ವಾಲ್ಟ್‌ನಲ್ಲಿ (ಓಡಿ ಬಂದು ಮೇಜಿನಂಥ ಉಪಕರಣದ ಮೇಲಿಂದ ಚಿಮ್ಮುವ ಸ್ಪರ್ಧೆ) ಎರಡೂವರೆ ತಿರುಚು ಮಾಡಲು ಹೋಗಿ ಒಂದೂವರೆಗೇ ಇಳಿದರು. ಗಾಳಿಯಲ್ಲಿ ದಿಕ್ಕೇ ತಪ್ಪಿತ್ತು. ತಂಡದ ಫೈನಲ್‌ನಿಂದ ಅಲ್ಲೇ ಹೊರಬಂದರು. ಅಷ್ಟು ದೊಡ್ಡ ಆಟಗಾರ್ತಿಗೆ ಇಲ್ಲದ ಧೈರ್ಯ ನಮಗಿದೆ ಅಂತ ಹೇಳುವುದು ಸಾಧ್ಯವಾ? ಈ ಭಯವನ್ನು ನುಂಗಿಕೊಂಡು ಹೊರಟವರು ಎರಡನೇ ಸುತ್ತಿನ ನಡುವೆ ಗಾಬರಿಯಾಗಿ ಮೈ ಬಿಚ್ಚಿಬಿಡುತ್ತಾರೆ. ಬಿಚ್ಚಿದ ಕೂಡಲೇ ಸುತ್ತು ನಿಧಾನವಾಗುತ್ತದೆ, ತಲೆ ಕೆಳಗೆ ಇರುವಾಗಲೇ ನೆಲ ಬರುತ್ತದೆ. ಡಬಲ್‌ನಲ್ಲಿ ಹೊರಟ ಮೇಲೆ ವಾಪಸ್ ಇಲ್ಲ, ಮಡಚಿಕೊಂಡೇ ಇರಬೇಕು ಅನ್ನುವುದು ನಾವು ಪಿಟ್‌ನಲ್ಲಿ ಕಲಿಸುವ ಮೊದಲ ಪಾಠ.

ದೀಪಾ ಕರ್ಮಾಕರ್ ಬಗ್ಗೆ ಕೇಳಿದ್ದೀರಿ. ಅವರನ್ನು ನೋಡಿ ಹುರುಪು ಬರುವುದು ಸಹಜ, ನನಗೂ ಬರುತ್ತದೆ. ಅವರಿಗೆ ಹೆಸರು ತಂದ ಪ್ರೊಡುನೋವಾ ಅಂದರೆ ವಾಲ್ಟ್ ಮೇಲೆ ಹ್ಯಾಂಡ್‌ಸ್ಪ್ರಿಂಗ್ ಮಾಡಿ ಡಬಲ್ ಫ್ರಂಟ್. ರಷ್ಯಾದ ಯೆಲೆನಾ ಪ್ರೊಡುನೋವಾ 1999ರಲ್ಲಿ ಮಾಡಿದ ಲಾಗ ಅದು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ದೀಪಾ ಅದನ್ನು ಪಾದದ ಮೇಲೆ ಇಳಿಸಿ, ಎರಡು ವಾಲ್ಟ್‌ಗಳ ಸರಾಸರಿ 15.066 ಅಂಕ ಪಡೆದು ನಾಲ್ಕನೆಯವರಾದರು. ಕಂಚಿಗೆ ಇದ್ದ ದೂರ 0.15 ಮಾತ್ರ. ಅಗರ್ತಲಾದಲ್ಲಿ ಶುರುವಿನ ದಿನಗಳಲ್ಲಿ ಅವರಿಗೆ ಸರಿಯಾದ ಉಪಕರಣ ಇರಲಿಲ್ಲ ಅನ್ನುವುದೂ ನಿಜ. ಆದರೆ ಆ ಕಥೆಯ ಉಳಿದ ಭಾಗವನ್ನೂ ನೋಡಿ. ಸುಮಾರು ಆರನೇ ವಯಸ್ಸಿಗೆ ಶುರು ಮಾಡಿದವರು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಪ್ರೊಡುನೋವಾ ಮಾಡಿ ಕಂಚು ಗೆದ್ದಾಗ ಅವರಿಗೆ 20 ವರ್ಷ. ನಡುವೆ ಹದಿಮೂರು ಹದಿನಾಲ್ಕು ವರ್ಷದ ಬುನಾದಿ ಇದೆ. ಕೋಚ್ ಬಿಶ್ವೇಶ್ವರ ನಂದಿ ಪಕ್ಕದಲ್ಲೇ ಇದ್ದರು. ಕೋಚ್ ಇಲ್ಲದ ಹೊತ್ತು ನೋಡಿ ಮಾಡಿದ್ದಲ್ಲ ಅದು. ಅಷ್ಟೆಲ್ಲ ಇದ್ದೂ ರಿಯೋದಲ್ಲಿ ಅವರು ಇಳಿದಾಗ ಸೊಂಟ ಮ್ಯಾಟಿಗೆ ತಾಗುವಷ್ಟು ಕೆಳಗಿತ್ತು. ಇನ್ನೂ ಸ್ವಲ್ಪ ಸುತ್ತು ಕಡಿಮೆಯಾಗಿದ್ದರೆ? ಜಗತ್ತಿನ ಹೆಚ್ಚಿನ ಮಹಿಳಾ ಜಿಮ್ನಾಸ್ಟ್‌ಗಳು ಆ ವಾಲ್ಟ್‌ನಿಂದ ದೂರ ಇರುವುದು ಇದಕ್ಕೇ.

ಈಗ ನಿಮ್ಮ ಮುಂದೆ ಏನೇನು ದಾರಿ ಇದೆ ಅಂತ ನೋಡೋಣ.

ನಿಮ್ಮಲ್ಲಿರುವ ಸಾಮಾನಿನಲ್ಲೇ ಮಾಡಬಹುದಾದ ಕೆಲಸ ಬೇಕಾದಷ್ಟಿದೆ, ಡಬಲ್‌ನ ಮುಕ್ಕಾಲು ಪಾಲು ಕಲಿಕೆ ಅದೇ. ಮೊದಲು ಪಂಚ್. ಹ್ಯಾಂಡ್‌ಸ್ಪ್ರಿಂಗ್ ಮಾಡಿ ಲಾಗ ಹಾಕದೆ ನೆಟ್ಟಗೆ ಮೇಲಕ್ಕೆ ಚಿಮ್ಮಿ, ಕೈ ಮೇಲೆಯೇ ಇರಲಿ. ಎಷ್ಟು ಎತ್ತರ ಹೋಗುತ್ತೀರಿ, ಎದೆ ಎಲ್ಲಿದೆ ಅಂತ ಪಕ್ಕದಿಂದ ವಿಡಿಯೋ. ಇದು ಬೇಸರದ ಕೆಲಸ. ಆದರೂ ವಾರಗಟ್ಟಲೆ ಮಾಡಿ. ಹ್ಯಾಂಡ್‌ಸ್ಪ್ರಿಂಗ್‌ನಲ್ಲಿ ಭುಜ ಮುಂದಕ್ಕೆ ಬೀಳದೆ ನೆಲವನ್ನು ತಳ್ಳುತ್ತಿದೆಯಾ ನೋಡಿ. ಭುಜ ಪೂರ್ತಿ ತೆರೆಯದವರ ಹ್ಯಾಂಡ್‌ಸ್ಪ್ರಿಂಗ್ ಕುಸಿಯುತ್ತದೆ, ಅವರ ಪಂಚ್ ಎಂದೂ ಎದ್ದು ಬರುವುದಿಲ್ಲ. ಮಲ್ಲಕಂಬದಿಂದ ನಿಮಗೆ ಹಿಡಿತ, ಹೊಟ್ಟೆಯ ಬಲ, ತಲೆಕೆಳಗಾಗಿ ಇರುವ ಅಭ್ಯಾಸ ಬಂದಿದೆ. ಅದು ದೊಡ್ಡ ಆಸ್ತಿ. ಕಂಬ ಕೊಡದೆ ಇರುವುದು ಪಾದದ ಚಿಮ್ಮು. ಮೀನಖಂಡಕ್ಕೆ, ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವಿಗೆ ಬಲ ಬೇಕು. ಒಂದೇ ಕಾಲಿನ ಮೇಲೆ ಮೆಟ್ಟಿಲ ಅಂಚಿನಲ್ಲಿ ನಿಧಾನವಾಗಿ ಏರಿಳಿಯುವುದು, ಮಂಡಿ ಬಾಗದಂತೆ ಚಿಕ್ಕ ಚಿಕ್ಕ ನೆಗೆತ. ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ. ಒಮ್ಮೆಲೇ ಏರಿಸಿದರೆ ಅಲ್ಲೇ ನೋವು ಹಿಡಿಯುತ್ತದೆ.

ಆಮೇಲೆ ಟಕ್ ಎತ್ತರ. ಮ್ಯಾಟುಗಳನ್ನು ಒಂದರ ಮೇಲೊಂದು ಗಟ್ಟಿಯಾಗಿ ಪೇರಿಸಿ, ಮೇಲೆ ದಪ್ಪ ಮ್ಯಾಟ್ ಹಾಕಿ, ಅದರ ಮೇಲೆ ಫ್ರಂಟ್ ಟಕ್ ಇಳಿಸಿ. ಮೊದಲು ಮಂಡಿ ಎತ್ತರ, ಆಮೇಲೆ ತೊಡೆ, ಆಮೇಲೆ ಸೊಂಟ. ಕೋಚ್ ಪಕ್ಕದಲ್ಲೇ ಇರಬೇಕು. ಮ್ಯಾಟುಗಳ ನಡುವೆ ಸಂದು ಬಿಡಬೇಡಿ, ಪಾದ ಸಿಕ್ಕಿಕೊಂಡು ಕೀಲು ತಿರುಗುತ್ತದೆ. ಸೊಂಟದ ಎತ್ತರದ ಮೇಲೆ ಮೈ ನೆಟ್ಟಗಿಟ್ಟು, ಹೆಜ್ಜೆ ಹಾಕದೆ, ಹತ್ತಕ್ಕೆ ಹತ್ತು ಸಲ ನಿಲ್ಲುವವರ ಜೊತೆ ಮಾತ್ರ ನಾನು ಡಬಲ್ ಮಾತಾಡುತ್ತೇನೆ. ಇದು ಯಾವ ಪುಸ್ತಕದ ನಿಯಮವೂ ಅಲ್ಲ, ನನ್ನ ಗೆರೆ. ನಿಮ್ಮ ಕೋಚ್ ಬೇರೆ ಗೆರೆ ಇಡಬಹುದು. ಇದರ ಜೊತೆ ಫ್ರಂಟ್ ಪೈಕ್ (ಕಾಲು ನೆಟ್ಟಗಿಟ್ಟು ಸೊಂಟ ಮಾತ್ರ ಮಡಚಿ ಹಾಕುವ ಲಾಗ), ಫ್ರಂಟ್ ಲೇಔಟ್ (ಮೈ ಪೂರ್ತಿ ನೆಟ್ಟಗಿಟ್ಟು ಹಾಕುವ ಲಾಗ) ಕಲಿಯಿರಿ. ಮೈ ನೆಟ್ಟಗಿಟ್ಟುಕೊಂಡೇ ಒಂದು ಸುತ್ತು ಮುಗಿಸುವವರಿಗೆ ಸುತ್ತಿನ ಬಲ ಸಾಕಷ್ಟಿದೆ ಅಂತ ಅರ್ಥ.

ಇಳಿಯುವುದನ್ನೂ ಬೇರೆಯಾಗಿ ಕಲಿಯಬೇಕು. ಪೆಟ್ಟಿಗೆ ಮೇಲಿಂದ ಜಿಗಿದು ಮಂಡಿ, ಸೊಂಟ ಬಾಗಿಸಿ ಮೂರು ಸೆಕೆಂಡ್ ಅಲ್ಲಾಡದೆ ನಿಲ್ಲಿ. ನೀವು ಹಿಂದಕ್ಕೆ ಕೂರುತ್ತೀರಿ ಅಂದಿರಿ. ಆಗ ಕೈ ಹಿಂದಕ್ಕೆ ಊರುತ್ತೀರಾ ಗಮನಿಸಿ. ಬಹಳ ಜನ ಊರುತ್ತಾರೆ, ಮಣಿಕಟ್ಟು ಮೊಳಕೈ ಮುರಿಯುವುದು ಹಾಗೇ. ಕೈ ಮುಂದೆ ಕಟ್ಟಿಕೊಂಡು ಬೆನ್ನು ದುಂಡಗೆ ಮಾಡಿ ಹಿಂದಕ್ಕೆ ಉರುಳಲು ಮೊದಲೇ ಅಭ್ಯಾಸ ಮಾಡಿಕೊಳ್ಳಿ. ಸುತ್ತು ಸಾಲಲಿಲ್ಲ ಅನ್ನಿಸಿದಾಗ ಕಾಲನ್ನು ಕಡ್ಡಿಯಂತೆ ಚಾಚಿ ನೆಲ ಹುಡುಕಬೇಡಿ. ನೆಟ್ಟಗಿನ ಮಂಡಿ ಹಿಂದಕ್ಕೆ ಬಾಗಿದರೆ ಒಳಗಿನ ಕಟ್ಟು (ಲಿಗಮೆಂಟ್) ಹರಿಯಬಹುದು. ಇನ್ನೊಂದು ಸಣ್ಣ ವಿಷಯ: ಟಕ್ ಹಿಡಿದಾಗ ಮಂಡಿಗಳ ನಡುವೆ ಸ್ವಲ್ಪ ಜಾಗ ಇರಲಿ. ಗಟ್ಟಿಯಾಗಿ ಇಳಿದಾಗ ಮಂಡಿ ಮೂಗಿಗೆ, ಕಣ್ಣಿಗೆ ಬಡಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಇಷ್ಟಾದ ಮೇಲೆ ಡಬಲ್‌ಗೆ ಪಿಟ್ ಇರುವ ಹಾಲ್‌ಗೆ ಹೋಗಲೇಬೇಕು. ರಜೆಯಲ್ಲಿ ಕೆಲವು ವಾರ ಬೆಂಗಳೂರಿಗೋ, ಪಿಟ್ ಇರುವ ಬೇರೆ ಊರಿಗೋ ಹೋಗುವ ಏರ್ಪಾಡಾಗುತ್ತದಾ ಅಂತ ಕೋಚ್ ಸರ್ ಹತ್ತಿರ ಕೇಳಿ. ಖರ್ಚಿನ ದಾರಿ, ಗೊತ್ತು. ಎಲ್ಲರಿಗೂ ಸುಲಭ ಅಲ್ಲ. ಹೋಗುವ ಮೊದಲು ಫೋನ್ ಮಾಡಿ ವಿಚಾರಿಸಿ: ಪಿಟ್ ನಿಜವಾಗಿ ತುಂಬಿದೆಯಾ, ಡಬಲ್ ಕಲಿಸಿದ ಕೋಚ್ ಇದ್ದಾರಾ, ಹೊರಗಿನವರಿಗೆ ಅವರು ಸಮಯ ಕೊಡುತ್ತಾರಾ. ಪಿಟ್ ಇದೆ ಅಂತ ಮೈಮರೆಯಬೇಡಿ. ಫೋಮ್ ತುಂಡುಗಳು ದಿನವೂ ಒತ್ತಿ ಒತ್ತಿ ತಳ ಸೇರುತ್ತವೆ, ಅವನ್ನು ಕೆದಕಿ ಎಬ್ಬಿಸಬೇಕು. ತಲೆ ಮುಂದಾಗಿ ಪಿಟ್‌ಗೆ ಬಿದ್ದು ಕತ್ತಿಗೆ ಪೆಟ್ಟಾದದ್ದೂ ಇದೆ. ಅಲ್ಲಿ ಟ್ರ್ಯಾಂಪೊಲಿನ್‌ನಿಂದ ಪಿಟ್‌ಗೆ, ಆಮೇಲೆ ಪಿಟ್ ಮೇಲೆ ಹಾಸಿದ ಮ್ಯಾಟ್‌ಗೆ, ಆಮೇಲೆ ಸ್ಪ್ರಿಂಗ್ ನೆಲದಿಂದ ದಪ್ಪ ಮ್ಯಾಟ್‌ಗೆ, ಕೊನೆಗೆ ಬರೀ ನೆಲಕ್ಕೆ. ಯಾವ ಹಂತದಲ್ಲೂ ಅವಸರ ಇಲ್ಲ. ಕಾಲು ಸೋತಿದೆ ಅನ್ನಿಸಿದ ದಿನ ಡಬಲ್ ಇಲ್ಲ, ಎತ್ತರ ಮೊದಲು ಹೋಗುವುದು ಸುಸ್ತಿನಲ್ಲೇ. ಸ್ಪ್ರಿಂಗ್ ನೆಲವೇ ಇಲ್ಲದ ಕಾಲೇಜು ಹಾಲ್‌ಗೆ, ತೆಳು ಮ್ಯಾಟ್ ಮೇಲೆ, ಡಬಲ್ ಅನ್ನು ತರಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಡಬಲ್ ಕಲಿಯದೇ ಇರುವುದೂ ಒಂದು ದಾರಿ. ಪಿಟ್ ಸಿಗದಿದ್ದರೆ ನಾನು ಅದನ್ನೇ ಹೇಳುತ್ತೇನೆ. ಫ್ರಂಟ್ ಲೇಔಟ್, ಅದಕ್ಕೆ ಅರ್ಧ ತಿರುಚು, ಒಂದು ತಿರುಚು, ಎರಡು ಲಾಗಗಳನ್ನು ಬೆನ್ನುಬೆನ್ನಿಗೆ ಜೋಡಿಸುವುದು. ಇದರಲ್ಲೂ ಅಪಾಯ ಇಲ್ಲದಿಲ್ಲ, ತಿರುಚು ಮುಗಿಯದೆ ಇಳಿದರೆ ಮಂಡಿ, ಪಾದದ ಕೀಲು ತಿರುಗುತ್ತದೆ. ಆದರೆ ತಪ್ಪಿದಾಗ ಬಹುಪಾಲು ಕಾಲೇ ಮೊದಲು ನೆಲ ಮುಟ್ಟುತ್ತದೆ.

ಅಭ್ಯಾಸದ ಜಾಗದಲ್ಲಿ ಎಲ್ಲರಿಗೂ ಗೊತ್ತಿರಬೇಕಾದ ಒಂದು ವಿಷಯ ಇದೆ, ನಿಮ್ಮ ಗೆಳೆಯರಿಗೂ ಓದಿ ಹೇಳಿ. ಯಾರಾದರೂ ತಲೆ, ಕತ್ತಿನ ಮೇಲೆ ಬಿದ್ದರೆ ಎಬ್ಬಿಸಿ ಕೂರಿಸಬೇಡಿ. ನಮ್ಮಲ್ಲಿ ಮೊದಲು ಮಾಡುವುದೇ ಅದು. ಇಬ್ಬರು ಕಂಕುಳಿಗೆ ಕೈ ಕೊಟ್ಟು ಎತ್ತುತ್ತಾರೆ, ಒಬ್ಬ ನೀರು ಕುಡಿಸುತ್ತಾನೆ, ಇನ್ನೊಬ್ಬ ಬೈಕ್ ತರುತ್ತಾನೆ. ಕತ್ತಿನ ಮೂಳೆ ಮುರಿದಿದ್ದರೆ ಬಿದ್ದಾಗ ಉಳಿದಿದ್ದ ಬೆನ್ನುಹುರಿ ಎತ್ತುವಾಗ ಹೋಗಬಹುದು. ಬಿದ್ದಲ್ಲೇ ಇರಲಿ. ಒಬ್ಬರು ತಲೆಯ ಎರಡೂ ಪಕ್ಕ ಕೈ ಇಟ್ಟು ಅಲುಗಾಡದಂತೆ ಹಿಡಿಯಿರಿ. ಉಸಿರಾಟ ನೋಡುತ್ತಿರಿ. 108ಕ್ಕೆ ಫೋನ್ ಮಾಡಿ, ಕತ್ತಿಗೆ ಪೆಟ್ಟು ಅಂತ ಹೇಳಿ. ಬಿದ್ದವರು "ಏನೂ ಆಗಿಲ್ಲ" ಅಂದರೂ ಕೈಕಾಲು ಜುಮ್ ಅನ್ನುತ್ತಿದೆಯಾ, ಬೆರಳು ಅಲ್ಲಾಡುತ್ತಿದೆಯಾ ಕೇಳಿ. ನೀವು ಬಿದ್ದ ದಿನ ಇದನ್ನು ಯಾರೂ ಕೇಳಿರಲಿಕ್ಕಿಲ್ಲ ಅಲ್ವಾ?

ಇನ್ನು ಮೂರು ತಿಂಗಳ ಸ್ಪರ್ಧೆ. ಡಬಲ್ ಮರೆತುಬಿಡಿ. ಅಂಕದ ಲೆಕ್ಕದಲ್ಲೂ ಅದು ನಷ್ಟವೇ. ಅಂತರರಾಷ್ಟ್ರೀಯ ನಿಯಮದಲ್ಲಿ ಕಷ್ಟದ ಅಂಕ ಏರುವುದು ಹಂತಕ್ಕೆ 0.1ರಂತೆ. ಬಿದ್ದರೆ ಒಮ್ಮೆಲೇ 1 ಅಂಕ ಹೋಗುತ್ತದೆ. ಪಾದ ಮೊದಲು ನೆಲ ಮುಟ್ಟದಿದ್ದರೆ ಆ ಲಾಗ ಲೆಕ್ಕಕ್ಕೇ ಬರುವುದಿಲ್ಲ, ಅಷ್ಟೆಲ್ಲ ಅಪಾಯ ತೆಗೆದುಕೊಂಡು ಸೊನ್ನೆ. ಡಾಕ್ಟರ್ ಒಪ್ಪಿದರೆ ಹ್ಯಾಂಡ್‌ಸ್ಪ್ರಿಂಗ್, ಫ್ರಂಟ್ ಟಕ್ ಅನ್ನೇ ತೆಗೆದುಕೊಂಡು ಹೋಗಿ. ಏಳೆಂಟನ್ನು ಹತ್ತಕ್ಕೆ ಹತ್ತು ಮಾಡುವುದೇ ಈ ಮೂರು ತಿಂಗಳ ಕೆಲಸ. ಮರಳಿನಲ್ಲಿ ಪ್ರಯತ್ನ ಮಾಡಿದ್ದನ್ನು ಕೋಚ್ ಸರ್‌ಗೆ ನೀವೇ ಹೇಳಿ, ಡಾಕ್ಟರ್ ಕೊಟ್ಟ ಚೀಟಿಯನ್ನೂ ತೋರಿಸಿ. ಅವರು ನಾಳೆ ಯಾವ ಅಭ್ಯಾಸ ಕೊಡಬೇಕು, ಯಾವುದು ಕೊಡಬಾರದು ಅಂತ ತೀರ್ಮಾನಿಸಲು ಅದು ಬೇಕು.